ಮುಂಡಗೋಡದ ಉದ್ದ ಕೂದಲಿನ ನಾಯಿ, ಹಳಿಯಾಳದ ಸೀನುವ ಹುಡುಗಿ

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲೂಕುಗಳನ್ನು ಜನ ಸುತ್ತುವುದು ಹುಲಿ ಕಂಡೀತೇನೋ ಅಂತ, ಮಂಗಟ್ಟೆ ಹಕ್ಕಿ ನೋಡಲಿಕ್ಕೆ, ಕಾಳಿ ನದಿಯ ರಾಫ್ಟಿಂಗಿಗೆ, ಟಿಬೆಟಿಯನ್ನರ ಬೌದ್ಧ ಮಠಗಳಿಗೆ. ನಾವು ಹೋದ ಚಳಿಗಾಲದಲ್ಲಿ ಇಷ್ಟೂ ಊರು ಸುತ್ತಿದ್ದು ಮಾತ್ರ ಒಂದು ನಾಯಿ ಹುಡುಕಿಕೊಂಡು. ಅದೂ ಸುಮ್ಮನೆ ನಾಯಿಯಲ್ಲ. ಕೂದಲು ಉದುರಿಸದ, ಸಣ್ಣ ಗಾತ್ರದ, ನಮ್ಮ ಹನ್ನೊಂದು ವರ್ಷದ ಮಗಳಿಗೆ ಉಬ್ಬಸ ತರಿಸದ ನಾಯಿ.

ಮಗಳಿಗೆ ಆರನೇ ವಯಸ್ಸಿನಿಂದ ಅಲರ್ಜಿ. ಬೆಳಗಾದರೆ ಸಾಲುಸಾಲು ಸೀನು, ಮಳೆಗಾಲ ಶುರುವಾದರೆ ಎದೆಯಲ್ಲಿ ಗುಂಯ್ ಅನ್ನುವ ಸದ್ದು. ಇನ್‌ಹೇಲರ್ ನಮ್ಮ ಮನೆಯಲ್ಲಿ ಟಿವಿ ರಿಮೋಟಿನಷ್ಟೇ ಸಾಮಾನ್ಯ ವಸ್ತು. ಇಂಥ ಹುಡುಗಿಗೆ ಬೇಕಾದದ್ದು ಏನು? ನಾಯಿ! ಎರಡು ವರ್ಷ ಹಟ ಹಿಡಿದಳು. ಅವಳಪ್ಪ ಮೊಬೈಲಿನಲ್ಲಿ ಹುಡುಕಿ, "ಅಲರ್ಜಿ ಆಗದ ನಾಯಿ ಜಾತಿ ಇರ್ತಾವಂತ ನೋಡು" ಅಂದರು. ಅತ್ತೆಯವರು ಮಾತ್ರ, "ನಾಯಿ ಅಂಗಳದಾಗ ಇರಬೇಕು, ಮನಿಯೊಳಗಲ್ಲ. ಅಷ್ಟ ನನಗ ಗೊತ್ತಿರೋದು" ಅಂದುಬಿಟ್ಟರು.

ನಿಮ್ಮ ಮನೆಯಲ್ಲೂ ಇಂಥ ಸೀನುವ ಮಗು, ಹಟ ಮಾಡುವ ಮಗು ಇದ್ದರೆ, ನಾವು ತಿರುಗಾಡಿ ಕಲಿತದ್ದು ಉಪಯೋಗಕ್ಕೆ ಬಂದೀತು.

ಡಾಕ್ಟರ್ ಹೇಳಿದ ಮೊದಲ ಪಾಠ

ನಾಯಿ ನೋಡುವುದಕ್ಕಿಂತ ಮೊದಲು ನಾವು ಹೋದದ್ದು ಹುಬ್ಬಳ್ಳಿಯ ಅಲರ್ಜಿ ಡಾಕ್ಟರರ ಹತ್ತಿರ. ಮಗಳ ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಸೂಜಿಯಿಂದ ಸಣ್ಣಗೆ ಚುಚ್ಚಿ ಪರೀಕ್ಷೆ ಮಾಡಿದರು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಯಾವ ಹನಿಯ ಕೆಳಗೆ ಗುಳ್ಳೆ ಏಳುತ್ತದೋ ಅದಕ್ಕೆ ಅಲರ್ಜಿ. ಮನೆಯ ಧೂಳಿನಲ್ಲಿರುವ ನುಸಿಗೆ ದೊಡ್ಡ ಗುಳ್ಳೆ ಎದ್ದಿತು. ನಾಯಿಯ ಹನಿಗೆ ಸಣ್ಣದು. ಅಂದರೆ ಅವಳ ತ್ರಾಸಿಗೆ ದೊಡ್ಡ ಕಾರಣ ನಮ್ಮ ಮನೆಯ ಹಾಸಿಗೆ, ದಿಂಬು ಮತ್ತು ಅಜ್ಜಿಯ ಕಾಲದ ಕೌದಿ. ನಾಯಿಗೂ ಅಲರ್ಜಿ ಇದೆ, ಆದರೆ ಸ್ವಲ್ಪ.

"ಕೂದಲು ಉದುರದ ನಾಯಿ ತಂದರೆ ನಡೀತದಲ್ರೀ ಡಾಕ್ಟ್ರೇ?" ಅಂತ ನಮ್ಮನೆಯವರು ಕೇಳಿದರು.

ಡಾಕ್ಟರ್ ನಕ್ಕರು. ಅಲರ್ಜಿ ಮಾಡುವುದು ಕೂದಲಲ್ಲ. ನಾಯಿಯ ಜೊಲ್ಲಿನಲ್ಲಿ, ಚರ್ಮದಿಂದ ಉದುರುವ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಪ್ರೋಟೀನುಗಳು. ಅದರಲ್ಲಿ ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಅಂತ ಹೆಸರು. ನಾಯಿ ತನ್ನ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಹೊಟ್ಟಿನ ಜೊತೆ ಗಾಳಿಗೆ ಏಳುತ್ತದೆ. ಕೂದಲು ಅದನ್ನು ಹೊತ್ತೊಯ್ಯುವ ವಾಹನ ಮಾತ್ರ. ಕೂದಲು ಕಡಿಮೆ ಉದುರಿದರೆ ಮನೆ ಗುಡಿಸುವ ಕೆಲಸ ಕಡಿಮೆಯಾಗುತ್ತದೆ, ಅಲರ್ಜಿಯೂ ಅಷ್ಟೇ ಕಡಿಮೆಯಾಗುತ್ತದೆ ಅನ್ನುವ ಖಾತ್ರಿ ಇಲ್ಲ. ಅಮೆರಿಕದಲ್ಲಿ 2011ರಲ್ಲಿ, ನೆದರ್ಲೆಂಡ್ಸಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ "ಅಲರ್ಜಿ ಆಗದ ಜಾತಿ" ಅನ್ನಿಸಿಕೊಂಡ ನಾಯಿಗಳ ಮನೆಯ ಧೂಳನ್ನೂ ಬೇರೆ ನಾಯಿಗಳ ಮನೆಯ ಧೂಳನ್ನೂ ಹೋಲಿಸಿದ್ದರಂತೆ. ಒಟ್ಟಾರೆ ಆ ಜಾತಿಗಳ ಮನೆಯಲ್ಲಿ ಈ ಪ್ರೋಟೀನು ಕಡಿಮೆ ಅಂತ ಹೇಳುವ ಹಾಗೆ ಇರಲಿಲ್ಲ.

ಈ ಆಸೆ ನಮ್ಮದಷ್ಟೇ ಅಲ್ಲ ಬಿಡಿ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಎಂಬವರು, ಹವಾಯಿಯ ಒಬ್ಬ ಅಂಧ ಮಹಿಳೆಗಾಗಿ ಪೂಡಲ್ ಮತ್ತು ಲ್ಯಾಬ್ರಡಾರ್ ಸೇರಿಸಿ ಲ್ಯಾಬ್ರಡೂಡಲ್ ಮಾಡಿದರು. ಆಕೆಯ ಗಂಡನಿಗೆ ನಾಯಿ ಅಲರ್ಜಿ. ಒಂದೇ ಸೂಲಿನ ಮರಿಗಳ ಕೂದಲು, ಜೊಲ್ಲನ್ನು ಅಲ್ಲಿಗೆ ಕಳಿಸಿ ಪರೀಕ್ಷೆ ಮಾಡಿಸಿದರೆ, ಎಲ್ಲ ಮರಿಯೂ ಆತನಿಗೆ ಒಗ್ಗಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಅವರ ದೊಡ್ಡ ಮಗಳಿಗೆ ಅಲರ್ಜಿ ಅಂತಲೇ 2009ರಲ್ಲಿ ಅವರ ಮನೆಗೆ ಬಂದದ್ದು ಪೋರ್ಚುಗೀಸ್ ವಾಟರ್ ಡಾಗ್. ಶ್ವೇತಭವನದವರಿಗೂ ನಮಗೂ ಚಿಂತೆ ಒಂದೇ!

ಡಾಕ್ಟರ್ ಕೊನೆಗೆ ಹೇಳಿದ್ದು ಇಷ್ಟು: "ಜಾತಿ ನೋಡಬೇಡಿ, ಆ ಒಂದು ನಾಯಿ ನೋಡಿ. ನಿಮ್ಮ ಮಗಳು ಅದರ ಜೊತೆ ನಾಲ್ಕೈದು ಸಲ ಕೂತು ಬರಲಿ. ಔಷಧ ನಿಲ್ಲಿಸಬೇಡಿ. ದಿನಾ ಪೀಕ್ ಫ್ಲೋ ಮೀಟರ್ ಊದಿಸಿ ಬರೆದಿಡಿ." ಅದೊಂದು ಪ್ಲಾಸ್ಟಿಕ್ ಕೊಳವೆ. ಜೋರಾಗಿ ಊದಿದರೆ ಮುಳ್ಳು ಮೇಲೇರಿ ಉಸಿರಿನ ಬಲ ತೋರಿಸುತ್ತದೆ. ಮಗಳು ಚೆನ್ನಾಗಿದ್ದಾಗ 300. ಅದರ ಶೇ 80 ಅಂದರೆ 240. ಅದಕ್ಕಿಂತ ಕೆಳಗೆ ಇಳಿದರೆ ನಾಯಿಯ ಆಸೆ ಬಿಡಬೇಕು. ಉಬ್ಬಸ ಒಂದು ವರ್ಷದಿಂದ ಹತೋಟಿಯಲ್ಲಿದ್ದದ್ದಕ್ಕೆ ಇಷ್ಟಾದರೂ ಒಪ್ಪಿದರು. ಇಲ್ಲದಿದ್ದರೆ ಬೇಡವೇ ಬೇಡ ಅನ್ನುತ್ತಿದ್ದರು.

ಹಳಿಯಾಳದಿಂದ ದಾಂಡೇಲಿಗೆ

ಮೊದಲ ಪ್ರಯೋಗ ನಮ್ಮ ಓಣಿಯಲ್ಲೇ. ಪಕ್ಕದ ವೈನಿಯ ಮನೆಯಲ್ಲಿ ಬಿಳಿ ಪಮೇರಿಯನ್ ಇದೆ. ನಮ್ಮ ಕಡೆ ಪಮೇರಿಯನ್ ಅಂತ ಕರೆಯುವ ಬಹಳಷ್ಟು ನಾಯಿಗಳು ನಿಜವಾಗಿ ಇಂಡಿಯನ್ ಸ್ಪಿಟ್ಜ್. ನೋಡಲಿಕ್ಕೆ ಹತ್ತಿಯ ಉಂಡೆ. ಆದರೆ ಒಳಗೆ ದಟ್ಟ ತುಪ್ಪಳ, ಅದು ವರ್ಷವಿಡೀ ಉದುರುತ್ತದೆ. ಅರ್ಧ ತಾಸು ಕೂತು ಬಂದ ಮಗಳ ಕಪ್ಪು ಲಂಗ ಬಿಳಿಯಾಗಿತ್ತು, ಕಣ್ಣು ಕೆಂಪಾಗಿತ್ತು. ಸ್ಪಿಟ್ಜ್ ಪಟ್ಟಿಯಿಂದ ಹೊರಗಾಯಿತು.

ಹಳಿಯಾಳದ ಗದ್ದೆ, ಕಬ್ಬು ದಾಟಿ ದಾಂಡೇಲಿ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ತೇಗದ ಕಾಡು ಎರಡೂ ಬದಿಗೆ ನಿಲ್ಲುತ್ತದೆ. ದಾಂಡೇಲಿ ಅಂದರೆ ಕಾಗದದ ಕಾರ್ಖಾನೆ, ಕಾಳಿ ನದಿ, ಈಗ ಎಲ್ಲಿ ನೋಡಿದರೂ ರೆಸಾರ್ಟ್ ಬೋರ್ಡು. ಅಲ್ಲಿ ಒಬ್ಬರ ಮನೆಯಲ್ಲಿ ಶಿಹ್ ತ್ಸು ಮರಿಗಳಿವೆ, "ಅಲರ್ಜಿ ಇಲ್ಲದ್ದು" ಅಂತ ಯಾರೋ ಹೇಳಿದ್ದರು. ಮರಿಗಳು ನೋಡಿದರೆ ಎತ್ತಿಕೊಂಡು ಓಡಿಬಿಡಬೇಕು ಅನ್ನಿಸುವಷ್ಟು ಮುದ್ದು. ವಯಸ್ಸು ಕೇಳಿದರೆ ಐದು ವಾರ. ನಮ್ಮ ದೇಶದ 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ತಾಯಿ ನಾಯಿ ಎಲ್ಲಿ ಅಂದರೆ "ಅದು ಬೇರೆ ಕಡೆ ಐತ್ರಿ" ಅಂದರು.

ಅಲ್ಲಿ ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಮರಿಯ ಮೈಮೇಲಿನ ಕೂದಲು ಮರಿಗೂದಲು. ದೊಡ್ಡದಾದ ಮೇಲೆ ಅದರ ಕೂದಲು ಹೇಗಿರುತ್ತದೆ, ಎಷ್ಟು ಹೊಟ್ಟು ಉದುರಿಸುತ್ತದೆ, ನಮ್ಮ ಮಗಳಿಗೆ ಒಗ್ಗುತ್ತದೋ ಇಲ್ಲವೋ ಈಗ ಹೇಳಲಿಕ್ಕಾಗದು. ಆರು ತಿಂಗಳಾದ ಮೇಲೆ ಒಗ್ಗಲಿಲ್ಲ ಅಂದರೆ? ಅಷ್ಟರಲ್ಲಿ ಹುಡುಗಿಗೆ ಅದು ತಮ್ಮನೋ ತಂಗಿಯೋ ಆಗಿರುತ್ತದೆ. ಅಲರ್ಜಿ ಇದ್ದವರ ಮನೆಗೆ ಬೆಳೆದ ನಾಯಿಯೇ ಸರಿ ಅಂತ ಅಂದೇ ತೀರ್ಮಾನವಾಯಿತು. ಶಿಹ್ ತ್ಸುವಿಗೆ ಇನ್ನೊಂದು ತೊಂದರೆ, ಚಪ್ಪಟೆ ಮೂಗು. ನಮ್ಮ ಏಪ್ರಿಲ್ ಮೇ ಸೆಖೆಗೆ ಏದುಸಿರು ಬಿಡುತ್ತದೆ. ಮಗಳೂ ಏದುಸಿರು, ನಾಯಿಯೂ ಏದುಸಿರು ಯಾಕೆ ಬೇಕು?

ಜೊಯಿಡಾದ ಕಾಡು ಹೇಳಿದ್ದು

ದಾಂಡೇಲಿಯಿಂದ ಮುಂದೆ ಗಣೇಶಗುಡಿ, ಸೂಪಾ ಅಣೆಕಟ್ಟು. ಹಳೆಯ ಸೂಪಾ ಊರು ನೀರಿನಡಿ ಹೋದ ಮೇಲೆ ಜೊಯಿಡಾ ತಾಲೂಕು ಕೇಂದ್ರವಾಯಿತು. ತಾಲೂಕಿನ ಬಹುಭಾಗ ಕಾಡು. ದಾಂಡೇಲಿ ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಅಂತ ಹೆಸರಿಟ್ಟರು. ಅಲ್ಲಿ ನಮ್ಮನೆಯವರ ಕಾಕಾ ಒಬ್ಬರ ತೋಟವಿದೆ. ಶನಿವಾರ ರಾತ್ರಿ ಅಲ್ಲೇ ಉಳಿದೆವು.

ಕಾಕಾನ ಮನೆಯಲ್ಲಿ ಊರ ನಾಯಿಗಳು ಎರಡು. ಗಿಡ್ಡ ಕೂದಲು, ಚುರುಕು ಕಿವಿ. ಮಗಳು ಅಂಗಳದಲ್ಲಿ ಅವುಗಳ ಜೊತೆ ಸಂಜೆಯಿಡೀ ಆಡಿದಳು, ಒಂದು ಸೀನೂ ಇಲ್ಲ! ಬಯಲು ಗಾಳಿಯಲ್ಲಿ ಹೊಟ್ಟು ನಿಲ್ಲುವುದಿಲ್ಲ, ಅದೇ ಕಾರಣ. "ಹಂಗಾದ್ರ ಊರ ನಾಯಿನ ಸಾಕೋಣಲ್ಲ, ಅಂಗಳದಾಗ ಇರ್ತತಿ" ಅಂದೆ. ಕಾಕಾ ತಲೆ ಅಲ್ಲಾಡಿಸಿದರು. "ಹಳಿಯಾಳದಾಗ ನಡೀತೈತಿ. ಆದ್ರ ಸಣ್ಣ ನಾಯಿ ಆಸೆ ಇದ್ರ ನೆನಪಿಡು ತಂಗಿ, ಸಣ್ಣ ನಾಯಿನ ರಾತ್ರಿ ಹೊರಗ ಬಿಡಾಕ ಆಗೂದಿಲ್ಲ. ನಮ್ಮಲ್ಲಿ ಚಿರತಿ ಮೊದಲು ಒಯ್ಯೂದ ನಾಯಿನ." ಅವರ ಹಳೆಯ ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಇತ್ತು.

ಈ ಮಾತಿನಲ್ಲೇ ನಮ್ಮ ಸಮಸ್ಯೆಯ ಗಂಟು ಇತ್ತು. ಅಲರ್ಜಿಗೆ ಸಣ್ಣ ನಾಯಿ ಒಳ್ಳೆಯದು ಅನ್ನುತ್ತಾರೆ. ಮೈ ಸಣ್ಣದು, ಹೊಟ್ಟು ಕಡಿಮೆ, ಸ್ನಾನ ಸುಲಭ, ಇವೆಲ್ಲ ನಿಜ. ಆದರೆ ಸಣ್ಣ ನಾಯಿ ಅಂದರೆ ಮನೆಯೊಳಗಿನ ನಾಯಿ. ಸೋಫಾ ಮೇಲೆ, ಹಾಸಿಗೆ ಮೇಲೆ, ಮಕ್ಕಳ ಮುಖದ ಹತ್ತಿರ ಇರುವ ನಾಯಿ. ಅಂಗಳದ ದೊಡ್ಡ ನಾಯಿಗಿಂತ ಹಾಸಿಗೆಯ ಸಣ್ಣ ನಾಯಿಯೇ ಹೆಚ್ಚು ಅಲರ್ಜಿ ಮಾಡಬಹುದು. ಹಾಗಾಗಿ ನಾಯಿ ಯಾವುದು ಅನ್ನುವಷ್ಟೇ ಮುಖ್ಯ, ಅದು ಮನೆಯಲ್ಲಿ ಎಲ್ಲಿ ಮಲಗುತ್ತದೆ ಅನ್ನುವುದು.

ಕಾಕಾ ಇನ್ನೆರಡು ಮಾತು ಹೇಳಿದರು. ಕಾಡಂಚಿಗೆ ನಾಯಿ ತಂದರೆ ಸಂಜೆ ಉಣುಗು ಹುಡುಕಿ ತೆಗೆಯಬೇಕು. ಉಣುಗಿನಿಂದ ನಾಯಿಗೂ ಜ್ವರ ಬರುತ್ತದೆ, ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆಯ ಭಯವೂ ಗೊತ್ತೇ ಇದೆ. ಎರಡನೆಯದು, ನಾಯಿಗೆ ಲಸಿಕೆ ತಪ್ಪಿಸಬಾರದು. ನಾಯಿಗಳ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗೂ ಅಂಟುತ್ತದೆ. 2018ರಲ್ಲಿ ಗುಜರಾತಿನ ಗೀರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಆ ರೋಗದ ವೈರಾಣು ಪತ್ತೆಯಾಗಿತ್ತು.

ಮುಂಡಗೋಡದ ಕ್ಯಾಂಪಿನಲ್ಲಿ

ಮುಂಡಗೋಡದ ಸುದ್ದಿ ತಂದವರು ನಮ್ಮನೆಯವರ ಸ್ನೇಹಿತರು. ಅಲ್ಲಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಒಬ್ಬ ಅಜ್ಜಿ ಕೆನಡಾದಲ್ಲಿರುವ ಮಗನ ಹತ್ತಿರ ಹೋಗುತ್ತಿದ್ದಾರೆ, ನಾಯಿಗೆ ಮನೆ ಹುಡುಕುತ್ತಿದ್ದಾರೆ ಅಂತ. ಮುಂದಿನ ಭಾನುವಾರ ಹಳಿಯಾಳದಿಂದ ಕಲಘಟಗಿ ಮೇಲೆ ಹೊರಟೆವು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಕಲಘಟಗಿ. ಅಲ್ಲಿ ಚಹಾ ಕುಡಿದು ಮುಂಡಗೋಡ ಸೇರಿದೆವು.

ಪೇಟೆ ದಾಟುತ್ತಿದ್ದಂತೆ ಲೋಕವೇ ಬದಲಾಗುತ್ತದೆ. ಮೆಕ್ಕೆಜೋಳದ ಹೊಲ, ಅದರ ನಡುವೆ ಬಣ್ಣದ ಪ್ರಾರ್ಥನಾ ಬಾವುಟ, ಬಂಗಾರದ ಬಣ್ಣದ ಮಾಡು. ಡೋಗುಲಿಂಗ್ ಅನ್ನುವ ಈ ವಸತಿ ಶುರುವಾದದ್ದು 1966ರಲ್ಲಿ. ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಕಾಡು ಭೂಮಿಯನ್ನು ಕಡಿದು ಹೊಲ ಮಾಡಿಕೊಂಡರು. ಊರುಗಳಿಗೆ ಕ್ಯಾಂಪ್ ನಂಬರೇ ಹೆಸರು. ಲಾಸಾದ ಹತ್ತಿರ 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರ ಡ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದ್ದಾರೆ. ಚಪ್ಪಾಳೆ ತಟ್ಟಿ ತಟ್ಟಿ ವಾದ ಮಾಡುವ ಎಳೆಯ ಭಿಕ್ಕುಗಳನ್ನು ಮಠದ ಅಂಗಳದಲ್ಲಿ ನೋಡಿ ಮಗಳು ಬೆರಗಾದಳು.

ಕೂದಲು ಉದುರದ ಸಣ್ಣ ನಾಯಿ ಅಂದರೆ ಜಗತ್ತು ಹೇಳುವ ಹೆಸರುಗಳಲ್ಲಿ ಲಾಸಾ ಆಪ್ಸೋ ಒಂದು. ಹೆಸರಿನಲ್ಲೇ ಊರಿದೆ. ಟಿಬೆಟಿನ ಮನೆ, ಮಠಗಳಲ್ಲಿ ಹೊರಗೆ ಕಾವಲಿಗೆ ದೊಡ್ಡ ಮಾಸ್ಟಿಫ್, ಒಳಗೆ ಬೊಗಳಿ ಎಚ್ಚರಿಸಲಿಕ್ಕೆ ಈ ಪುಟ್ಟ ಆಪ್ಸೋ. ಇದನ್ನು ಉಡುಗೊರೆಯಾಗಿ ಕೊಡುವ ಪದ್ಧತಿಯೂ ಇತ್ತು. 13ನೇ ದಲೈ ಲಾಮಾ 1933ರಲ್ಲಿ ಅಮೆರಿಕದ ಸೈಡಮ್ ಕಟಿಂಗ್ ಎಂಬವರಿಗೆ ಒಂದು ಜೋಡಿ ಕೊಟ್ಟರು. 1935ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಈ ಜಾತಿಯನ್ನು ಒಪ್ಪಿಕೊಂಡಿತು. ಇದರ ಸ್ವಲ್ಪ ದೊಡ್ಡ ನೆಂಟ ಟಿಬೆಟನ್ ಟೆರಿಯರ್ ಹೊರಲೋಕಕ್ಕೆ ಪರಿಚಯವಾದದ್ದು ನಮ್ಮ ದೇಶದಿಂದಲೇ. 1920ರ ದಶಕದಲ್ಲಿ ಇಲ್ಲಿ ವೈದ್ಯೆಯಾಗಿದ್ದ ಆಗ್ನೆಸ್ ಗ್ರೇಗ್ ಎಂಬ ಇಂಗ್ಲಿಷ್ ಮಹಿಳೆಗೆ ಟಿಬೆಟಿನ ರೋಗಿಯ ಕಡೆಯವರು ಕೃತಜ್ಞತೆಯಿಂದ ಕೊಟ್ಟ ಮರಿ ಅದರ ಮೂಲ.

ಕ್ಯಾಂಪಿನಲ್ಲಿ ಕಾಣುವ ನಾಯಿಗಳೆಲ್ಲ ಶುದ್ಧ ಜಾತಿಯವಲ್ಲ. ಊರ ನಾಯಿಯ ಜೊತೆ ಬೆರೆತವೇ ಜಾಸ್ತಿ. ಅಜ್ಜಿಯ ನಾಯಿ ಮಾತ್ರ ನೋಡಿದ ಕೂಡಲೇ ಗೊತ್ತಾಗುವಂಥ ಆಪ್ಸೋ. ನೆಲ ಮುಟ್ಟುವ ಕೂದಲು, ಕಣ್ಣು ಎಲ್ಲಿದೆ ಅಂತ ಹುಡುಕಬೇಕು, ಬೆನ್ನ ಮೇಲೆ ಸುರುಳಿ ಬಾಲ. ಏಳು ಕೆಜಿ ತೂಕ, ನಾಲ್ಕು ವರ್ಷದ ಹೆಣ್ಣು, ಆಪರೇಷನ್ ಆಗಿದೆ. ಹೆಸರು ಕರ್ಮೊ, ಅಂದರೆ ಬಿಳಿ. ಡಾಕ್ಟರ್ ಮೊದಲೇ ಹೇಳಿದ್ದರು: ಕೆಲವರಿಗೆ ಗಂಡು ನಾಯಿಯ ಪ್ರೋಸ್ಟೇಟ್ ಗ್ರಂಥಿಯಿಂದ ಬರುವ ಕ್ಯಾನ್ ಎಫ್ 5 ಅನ್ನುವ ಪ್ರೋಟೀನಿಗೆ ಮಾತ್ರ ಅಲರ್ಜಿ ಇರುತ್ತದೆ, ಅಂಥವರಿಗೆ ಹೆಣ್ಣು ನಾಯಿ ಒಗ್ಗಬಹುದು ಅಂತ.

ಅಜ್ಜಿಯನ್ನು ಎಲ್ಲರೂ ಅಮಾಲಾ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಿ ಕಲಿತ ಕನ್ನಡ. ಎಲ್ಲ ಹೆಂಗಸರೂ ಅವರಿಗೆ "ಅಕ್ಕಾ". ಸೀನುವ ಹುಡುಗಿಯ ಕಥೆ ಕೇಳಿ ಅವರ ಮುಖ ಸಣ್ಣದಾಯಿತು.

"ಅಕ್ಕಾ, ನಾನು ಒಂದ್ ತಿಂಗ್ಳಿಗೆ ಹೋಗ್ತೀನಿ. ಆಮೇಲೆ ವಾಪಸ್ ಕೊಡ್ತೀನಿ ಅಂದ್ರೆ ನಾನು ಇಲ್ಲ. ನಾಯಿ ರಸ್ತೆಗೆ ಹೋಗ್ತದೆ. ನೀನು ಈಗ ನೋಡು. ಪೂರಾ ನೋಡು. ಹುಡುಗಿ ಉಸಿರು ಸರಿ ಇದ್ರೆ ಮಾತ್ರ ಕೊಡ್ತೀನಿ."

ನಾವು ಪರೀಕ್ಷೆ ಮಾಡಲಿಕ್ಕೆ ಹೋಗಿದ್ದೆವು. ಅವರು ನಮ್ಮನ್ನೇ ಪರೀಕ್ಷೆಗೆ ಕೂರಿಸಿದರು.

ನಾಲ್ಕು ಭಾನುವಾರ

ಮೊದಲ ಭಾನುವಾರ ಅಂಗಳದಲ್ಲಿ ಅರ್ಧ ತಾಸು. ನಾನು ಮಡಿಲಲ್ಲಿ ಕಪ್ಪು ಶಾಲು ಹಾಸಿ ಕರ್ಮೊಳನ್ನು ಕೂರಿಸಿಕೊಂಡು ಹತ್ತು ನಿಮಿಷ ಸವರಿದೆ. ಶಾಲಿನ ಮೇಲೆ ಸಿಕ್ಕಿದ್ದು ಏಳೆಂಟು ಕೂದಲು. ಬೆರಕೆ ಮರಿಯನ್ನು ಲಾಸಾ ಅಂತ ಕೊಡುವವರು ಇರುತ್ತಾರೆ, ಬೆಳೆದ ನಾಯಿಗೆ ಈ ಶಾಲಿನ ಪರೀಕ್ಷೆ ಒಳ್ಳೆಯದು. ರಾತ್ರಿ ಮಗಳ ಮೀಟರ್ 300.

ಎರಡನೇ ಭಾನುವಾರ ಮನೆಯೊಳಗೆ ಒಂದು ತಾಸು, ಬಾಗಿಲು ತೆರೆದು. ಅಮಾಲಾ ತುಕ್ಪಾ ಮಾಡಿಕೊಟ್ಟರು. ಮೀಟರ್ 290. ವಾಪಸ್ ಬರುವಾಗ ಮಗಳು ಕಾರಿನಲ್ಲಿ ಹಾಡು ಹೇಳಿಕೊಂಡೇ ಬಂದಳು.

ಮೂರನೇ ಭಾನುವಾರ ಚಳಿ, ಮೋಡ. ಕಿಟಕಿ ಮುಚ್ಚಿದ್ದರು. ನಾವು ಹೋದಾಗ ಅಮಾಲಾ ಮಂಚದ ಮೇಲೆ ಕೂತು ಕರ್ಮೊಗೆ ಬಾಚುತ್ತಿದ್ದರು. ಎರಡು ತಾಸಿನ ಹೊತ್ತಿಗೆ ಮಗಳು ಕಣ್ಣು ಉಜ್ಜತೊಡಗಿದಳು. ಮೀಟರ್ 255. ಹೊರಗೆ ಕರೆದೊಯ್ದು ಡಾಕ್ಟರ್ ಹೇಳಿದಂತೆ ಇನ್‌ಹೇಲರ್ ಕೊಟ್ಟೆ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಕಲಘಟಗಿ ಹತ್ತಿರ ಮಗಳು, "ಅಮ್ಮ, ಅದು ನನ್ನ ಉಸಿರು ಅಲ್ಲ, ಮೀಟರ್ ಸರಿ ಇಲ್ಲ" ಅಂದಳು. ಏನು ಹೇಳಲಿ?

ಮರುದಿನ ಡಾಕ್ಟರರಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಕೇಳಿ, "ಕೋಣೆ ಮುಚ್ಚಿ ಬಾಚಿದರೆ ಹೊಟ್ಟೆಲ್ಲ ಗಾಳಿಗೆ ಏಳ್ತದೆ, ಅದನ್ನೇ ಉಸಿರಾಡಿದ್ದಾಳೆ" ಅಂದರು. ಲಾಸಾದಂಥ ನಾಯಿಯ ಕೂದಲು ನಮ್ಮ ತಲೆಗೂದಲ ಹಾಗೆ ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಉದುರಿದ ಕೂದಲೂ ನೆಲಕ್ಕೆ ಬೀಳದೆ ಉದ್ದ ಕೂದಲಿನೊಳಗೇ ಸಿಕ್ಕಿಕೊಳ್ಳುತ್ತದೆ, ಹೊಟ್ಟೂ ಅಲ್ಲೇ. ಅಂದರೆ ಉದುರುವುದಿಲ್ಲ ಅನ್ನುವುದು ಅರ್ಧ ಮಾತು. ಉದುರಬೇಕಾದದ್ದು ಬಾಚಣಿಕೆಗೆ ಕಾದು ಕೂತಿರುತ್ತದೆ. ಯಾರು ಬಾಚುತ್ತಾರೆ, ಎಲ್ಲಿ ಬಾಚುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಾಲ್ಕನೇ ವಾರ ಅಮಾಲಾಗೆ ಮೊದಲೇ ಹೇಳಿದೆವು. ಶುಕ್ರವಾರ ಸ್ನಾನ, ಬಾಚುವುದು ಅಂಗಳದಲ್ಲಿ. ಮಂಚದ ಹೊದಿಕೆ ಒಗೆದು ಹಾಕಿದ್ದರು. ಅವತ್ತೂ ಎರಡು ತಾಸು, ಅವತ್ತೂ ಕಿಟಕಿ ಮುಚ್ಚಿಯೇ ಕೂತೆವು. ಹೊರಗೆ ಬಂದು ಊದಿದಳು, 290. ರಾತ್ರಿ ಮನೆಯಲ್ಲಿ ಊದಿದಳು, 290. ಮರುದಿನ ಬೆಳಿಗ್ಗೆ 300. ಡಾಕ್ಟರ್ ಹ್ಞೂಂ ಅಂದರು, ಷರತ್ತುಗಳೊಂದಿಗೆ.

ಅಮಾಲಾ ಕಲಿಸಿದ ಬಾಚುವ ಪಾಠ

ಕರ್ಮೊಳನ್ನು ಕರೆತರುವ ಮುನ್ನ ಅಮಾಲಾ ನಮ್ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು. ಆಮೇಲೆ ಪಶುವೈದ್ಯರೂ ಒಂದಷ್ಟು ಸೇರಿಸಿದರು. ಒಟ್ಟು ಹೀಗಿದೆ:

ಒಣ ಕೂದಲಿಗೆ ಬಾಚಣಿಕೆ ಹಾಕಬೇಡಿ, ತುಂಡಾಗುತ್ತದೆ. ನೀರು ಸ್ವಲ್ಪ ಚಿಮುಕಿಸಿ. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕೂದಲನ್ನು ಪದರ ಪದರವಾಗಿ ಬೈತಲೆ ತೆಗೆದು, ಚರ್ಮ ಕಾಣುವ ಹಾಗೆ ಬಾಚಿ. ಮೇಲೆ ಮೇಲೆ ಬಾಚಿದರೆ ನೋಡಲಿಕ್ಕೆ ಚೆಂದ, ಒಳಗೆ ಜಡೆಗಟ್ಟಿರುತ್ತದೆ.

ಗಂಟು ಹೆಚ್ಚಾಗುವುದು ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೊರಳ ಪಟ್ಟಿಯ ಕೆಳಗೆ. ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಬಿಡಿಸಿ, ತುದಿಯಿಂದ ಬುಡಕ್ಕೆ ಬನ್ನಿ. ಕತ್ತರಿ ಹಾಕುವುದಾದರೆ ಚರ್ಮಕ್ಕೆ ತಾಗದಂತೆ ನಡುವೆ ಬಾಚಣಿಕೆ ಇಟ್ಟುಕೊಳ್ಳಿ.

ಗಂಟು ಬಿಡಿಸದೆ ಸ್ನಾನ ಮಾಡಿಸಲೇಬೇಡಿ. ನೀರು ಬಿದ್ದರೆ ಗಂಟು ಕಂಬಳಿಯ ಹಾಗೆ ಬಿಗಿಯುತ್ತದೆ. ನಾವು ಹಚ್ಚಿಕೊಳ್ಳುವ ಶಾಂಪೂ ಬೇಡ, ನಾಯಿಯ ಚರ್ಮಕ್ಕೆ ಅದು ಹೊಂದುವುದಿಲ್ಲ. ಸ್ನಾನದ ನಂತರ ಬುಡದವರೆಗೆ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಅರ್ಧ ಒಣಗಿದ ಕೂದಲು ಅಂದರೆ ವಾಸನೆ, ತುರಿ, ಹುಣ್ಣು.

ದಿನಾ ಬೆಳಿಗ್ಗೆ ಬೆಚ್ಚಗಿನ ನೀರಿನ ಹತ್ತಿಯಿಂದ ಕಣ್ಣಿನ ಮೂಲೆ ಒರೆಸಿ. ಈ ಜಾತಿಗೆ ಕಣ್ಣು ಒಣಗುವ ರೋಗ ಬರಬಹುದು, ಕಣ್ಣು ಕೆಂಪಾಗಿ ಅಂಟಂಟಾದರೆ ಡಾಕ್ಟರಿಗೆ ತೋರಿಸಿ. ಹಿಂಭಾಗದ ಕೂದಲು, ಪಾದದ ಬೆರಳ ನಡುವಿನ ಕೂದಲು ಗಿಡ್ಡ ಇರಲಿ. ಕೆಸರಿನ ಕಾಲದಲ್ಲಿ ಇದೇ ದೊಡ್ಡ ಕೆಲಸ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ, ಇಡೀ ಮೈ ಕೂದಲನ್ನು ಒಂದು ಒಂದೂವರೆ ಇಂಚಿಗೆ ಕತ್ತರಿಸಬಹುದು. ಅದಕ್ಕೆ ಪಪ್ಪಿ ಕಟ್ ಅನ್ನುತ್ತಾರೆ. ಬುಡದವರೆಗೆ ಬೋಳಿಸಬೇಡಿ, ಬಿಸಿಲು ಮತ್ತು ಕೀಟದಿಂದ ಚರ್ಮಕ್ಕೆ ಇರುವ ರಕ್ಷಣೆ ಹೋಗುತ್ತದೆ.

ಮರಿ ಸಾಕುವವರಿಗೆ ಒಂದು ಕಿವಿಮಾತು. ಹತ್ತು ಹನ್ನೆರಡು ತಿಂಗಳ ಸುಮಾರಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ ಗಂಟು ವಿಪರೀತ. ಬಹಳ ಜನ ಬೇಸತ್ತು ನಾಯಿ ಬಿಡುವುದು ಆಗಲೇ ಅಂತ ಪಶುವೈದ್ಯರು ಹೇಳಿದರು.

ಮನೆಯ ನಿಯಮ

ಅಲರ್ಜಿಯ ಕಡೆಯಿಂದ ಡಾಕ್ಟರ್ ಹಾಕಿದ ಷರತ್ತು ಬೇರೆ. ಮಗಳು ಬಾಚುವಂತಿಲ್ಲ. ಬಾಚುವುದು ಯಾವಾಗಲೂ ಹೊರಗೆ, ಅಲರ್ಜಿ ಇಲ್ಲದವರು. ಮಲಗುವ ಕೋಣೆಗೆ ನಾಯಿಗೆ ಪ್ರವೇಶವಿಲ್ಲ. ಮುದ್ದು ಮಾಡಿದ ಮೇಲೆ ಕೈ ತೊಳೆಯಬೇಕು, ಮುಖ ನೆಕ್ಕಲು ಬಿಡಬಾರದು. ನಾಯಿಯ ಹಾಸಿಗೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಬೇಕು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಸ್ನಾನದಿಂದ ಪ್ರೋಟೀನು ಕಡಿಮೆಯಾಗುವುದು ನಿಜ, ಆದರೆ ಎರಡು ಮೂರು ದಿನದಲ್ಲಿ ಮತ್ತೆ ಏರುತ್ತದೆ. ಅಷ್ಟು ಸಲ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಹೊಟ್ಟು ಹೆಚ್ಚಾಗುವ ಭಯ. ನಮ್ಮ ಪಶುವೈದ್ಯರು ವಾರಕ್ಕೊಂದು ಸ್ನಾನ, ನಡುವೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು ಅಂತ ದಾರಿ ಹೇಳಿದ್ದಾರೆ.

ಈ ನಿಯಮ ಓದಿ ಹೇಳಿದಾಗ ಅತ್ತೆಯವರು, "ಅಡಿಗಿಮನಿ, ದೇವರಮನಿನೂ ಬರಕೊಳ್ರಿ ಅದರಾಗ" ಅಂದರು. ಬರೆದೆವು. ಹಳೆಯ ಕೌದಿಗಳೂ ಆ ವಾರವೇ ಮಗಳ ಕೋಣೆಯಿಂದ ಹೊರಬಿದ್ದವು, ದಿಂಬು ಹಾಸಿಗೆಗೆ ನುಸಿ ತಡೆಯುವ ಕವರು ಬಂತು. ನಿಜ ಹೇಳಬೇಕೆಂದರೆ ಬೆಳಗಿನ ಸೀನು ಕಡಿಮೆಯಾದದ್ದು ಅದರಿಂದಲೇ.

ನಿಮ್ಮ ಮಗುವಿಗೆ ಉಬ್ಬಸ ಜೋರಿದ್ದರೆ, ಆಗಾಗ ಆಸ್ಪತ್ರೆಗೆ ಓಡುವ ಪರಿಸ್ಥಿತಿ ಇದ್ದರೆ, ದಯವಿಟ್ಟು ಈ ಲೇಖನ ಓದಿ ನಾಯಿ ತರಬೇಡಿ. ನಮಗೆ ಒಗ್ಗಿದ್ದು ಕರ್ಮೊ ಎಂಬ ಒಂದು ನಾಯಿ. ಎಲ್ಲ ಲಾಸಾ ಎಲ್ಲರಿಗೂ ಒಗ್ಗೀತು ಅಂತಲ್ಲ.

ಮುಂಡಗೋಡಕ್ಕೆ ಮಾತ್ರ ನಾಯಿ ಬೇಡದವರೂ ಹೋಗಿ ಬನ್ನಿ. ಹುಬ್ಬಳ್ಳಿಯಿಂದ ಬಸ್ಸು ಇದೆ. ಮಠಗಳನ್ನು ನೋಡಿ, ಮೋಮೋ ತಿನ್ನಿ, ಹತ್ತಿರದಲ್ಲೇ ಅತ್ತಿವೇರಿ ಪಕ್ಷಿಧಾಮ ಇದೆ. ಮಠದೊಳಗೆ ಚಪ್ಪಲಿ ಬಿಡಿ, ಭಿಕ್ಕುಗಳ ಫೋಟೋ ಕೇಳಿ ತೆಗೆಯಿರಿ. ಕ್ಯಾಂಪುಗಳಲ್ಲಿ ಬೀಗ ಹಾಕಿದ ಮನೆಗಳೂ ಕಾಣುತ್ತವೆ. ಮಕ್ಕಳು ಕೆನಡಾ, ಅಮೆರಿಕ, ಫ್ರಾನ್ಸ್ ಅಂತ ಹೋಗಿದ್ದಾರೆ, ವಯಸ್ಸಾದವರು ಮತ್ತು ಅವರ ನಾಯಿಗಳು ಉಳಿದಿದ್ದಾವೆ.

ಕರ್ಮೊ ನಮ್ಮ ಮನೆಗೆ ಬಂದು ಏಳು ತಿಂಗಳಾಯಿತು, ಒಂದು ಮಳೆಗಾಲ ದಾಟಿದ್ದಾಳೆ. ಮಗಳ ಮೀಟರ್ ಎರಡು ಸಲ 260ಕ್ಕೆ ಇಳಿದಿತ್ತು, ಎರಡೂ ಸಲ ನೆಗಡಿಯಾದಾಗ. ನಮ್ಮನೆಯವರು ಆಫೀಸಿನಿಂದ ಬಂದವರೇ ಜಗುಲಿಯಲ್ಲಿ ಇಪ್ಪತ್ತು ನಿಮಿಷ ಬಾಚುತ್ತಾರೆ. ಅಮಾಲಾ ತಿಂಗಳಿಗೊಮ್ಮೆ ವಿಡಿಯೋ ಕಾಲ್ ಮಾಡುತ್ತಾರೆ. ಮೊದಲು ಮಗಳಿಗೆ "ಊದು" ಅನ್ನುತ್ತಾರೆ, ನಂಬರು ಕೇಳುತ್ತಾರೆ. ಆಮೇಲೆ ಕರ್ಮೊಳ ಕಿವಿಯ ಹಿಂದೆ ಕೂದಲು ಎತ್ತಿ ತೋರಿಸಿ ಅನ್ನುತ್ತಾರೆ.